ಹೆಂಗಸರ ಮೈ ವೈರಸ್ಸಿಗೆ ಬೇಗ ಎಚ್ಚರವಾಗುವುದೇಕೆ?



2020ರಲ್ಲಿ ಕೊರೋನಾ ನಮ್ಮ ಮನೆಗೂ ಬಂತು. ನನ್ನ ಹೆಂಡತಿ ನಾಲ್ಕೇ ದಿನಕ್ಕೆ ಎದ್ದು ಒಲೆ ಹಚ್ಚಿದಳು. ನಾನು ಹನ್ನೊಂದು ದಿನ ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಸಿಕೊಂಡು ಮಲಗಿದ್ದೆ. "ಗಂಡಸರದು ಇಷ್ಟೇ, ನೆಗಡಿ ಬಂದರೂ ನರಳಾಟ" ಎಂದು ಆಕೆ ಈಗಲೂ ಛೇಡಿಸುತ್ತಾಳೆ. ಈ ಮಾತು ಬರೀ ತಮಾಷೆಯಲ್ಲ. ಆ ಕಾಯಿಲೆಯಲ್ಲಿ ತೀರಿಕೊಂಡವರ ಪೈಕಿ ಗಂಡಸರೇ ಹೆಚ್ಚೆಂದು ಬಹಳ ದೇಶಗಳ ಲೆಕ್ಕ ಹೇಳಿತು. ಬೀಡಿ, ಸಿಗರೇಟು, ಹೃದಯದ ಕಾಯಿಲೆ ಇವೆಲ್ಲ ಕಾರಣವೇ. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ.

ಅದೇ ವರ್ಷ ನೆದರ್‌ಲ್ಯಾಂಡ್ಸ್‌ನಲ್ಲಿ ಎರಡು ಕುಟುಂಬಗಳ ಇಬ್ಬಿಬ್ಬರು ಅಣ್ಣತಮ್ಮಂದಿರು ಕೊರೋನಾದಿಂದ ಉಸಿರಾಟದ ಯಂತ್ರದ ಮೊರೆ ಹೋಗಬೇಕಾಯಿತು. ನಾಲ್ವರೂ 35 ದಾಟದ, ಅದುವರೆಗೆ ಆರೋಗ್ಯವಾಗಿದ್ದ ಹುಡುಗರು. ಒಬ್ಬ ಉಳಿಯಲಿಲ್ಲ. ಪರೀಕ್ಷಿಸಿ ನೋಡಿದರೆ ನಾಲ್ವರಲ್ಲೂ ಟಿಎಲ್‌ಆರ್ 7 ಎಂಬ ಒಂದೇ ಜೀನು ಕೆಟ್ಟಿತ್ತು.

ಈ ಜೀನು ಬ್ಯಾಂಕಿನ ಅಲಾರಂ ಇದ್ದ ಹಾಗೆ. ವೈರಸ್ಸು ಒಳಗೆ ಬಂದದ್ದನ್ನು ಇದು ಗುರುತಿಸಿದರೆ ಇಂಟರ್‌ಫೆರಾನ್ ಎಂಬ ರಸ ಹೊರಟು ಅಕ್ಕಪಕ್ಕದ ಜೀವಕೋಶಗಳನ್ನೆಲ್ಲ ಎಚ್ಚರಿಸುತ್ತದೆ. ಜೀನು ಇರುವುದು ಎಕ್ಸ್ ವರ್ಣತಂತುವಿನ ಮೇಲೆ. ಹೆಂಗಸರಿಗೆ ಎಕ್ಸ್ ಎರಡು, ಗಂಡಸರಿಗೆ ಒಂದೇ. ನಾನು ಗುಮಾಸ್ತನಾಗಿದ್ದಾಗ ತಿಜೋರಿಯ ಎರಡನೇ ಜೊತೆ ಕೀಲಿಕೈಗಳನ್ನು ಸೀಲು ಮಾಡಿ ಬೇರೆ ಶಾಖೆಯಲ್ಲಿ ಇಡುತ್ತಿದ್ದೆವು. ಗಂಡಸಿನ ಮೈಯಲ್ಲಿ ಆ ಎರಡನೇ ಜೊತೆ ಇಲ್ಲ. ಇದ್ದದ್ದು ಕೆಟ್ಟರೆ ಕೆಟ್ಟಿತು.

ಇನ್ನೊಂದು ಸ್ವಾರಸ್ಯವಿದೆ. ಹೆಂಗಸರ ಒಂದೊಂದು ಜೀವಕೋಶದಲ್ಲೂ ಎರಡರಲ್ಲಿ ಒಂದು ಎಕ್ಸ್ ಸುಮ್ಮನಾಗಿರುತ್ತದೆ. ಆದರೂ ರೋಗದೊಡನೆ ಹೋರಾಡುವ ಕೆಲವು ಕೋಶಗಳಲ್ಲಿ ಟಿಎಲ್‌ಆರ್ 7 ಮಾತ್ರ ಆ ಮಲಗಿದ ಎಕ್ಸ್‌ನಿಂದಲೂ ಕೆಲಸ ಮಾಡುತ್ತದೆ. ಹೀಗಾಗಿ ಅವರಲ್ಲಿ ಇಂಟರ್‌ಫೆರಾನ್ ಹೆಚ್ಚು. ಗಂಡಸಿನ ಹಾರ್ಮೋನು ಟೆಸ್ಟೋಸ್ಟೆರಾನ್ ಈ ಹೋರಾಟವನ್ನು ಸ್ವಲ್ಪ ತಗ್ಗಿಸುತ್ತದೆ ಎಂಬುದೂ ಇದರ ಜೊತೆಗೆ ಸೇರಿಕೊಳ್ಳುತ್ತದೆ.

ಹಾಗೆಂದು ಹೆಂಗಸರಿಗೆ ಇದು ಬಿಟ್ಟಿ ಸಿಕ್ಕಿದ್ದಲ್ಲ. ಕಳ್ಳನಿಲ್ಲದಿದ್ದರೂ ಅಲಾರಂ ಬಡಿದುಕೊಂಡರೆ? ಮೈ ತನ್ನನ್ನೇ ತಾನು ಹೊಡೆದುಕೊಳ್ಳುವ ಲೂಪಸ್ ಕಾಯಿಲೆಯಲ್ಲಿ ಹತ್ತು ರೋಗಿಗಳಿಗೆ ಸುಮಾರು ಒಂಬತ್ತು ಮಂದಿ ಹೆಂಗಸರು. ಏಳನೇ ವಯಸ್ಸಿಗೇ ಲೂಪಸ್ ಬಂದಿದ್ದ ಸ್ಪೇನಿನ ಒಬ್ಬ ಹುಡುಗಿಯಲ್ಲಿ ಇದೇ ಜೀನು ಅತಿಯಾಗಿ ಕೆರಳುವಂತೆ ಬದಲಾಗಿತ್ತೆಂದು 2022ರಲ್ಲಿ ವಿಜ್ಞಾನಿಗಳು ತಿಳಿಸಿದರು. ನನ್ನ ನಾದಿನಿಗೂ ಇದೇ ಕಾಯಿಲೆ. ಅವಳು ಊರಿಂದ ಬಂದು ನಮ್ಮಲ್ಲಿ ಉಳಿದಾಗ ನನ್ನ ಹೆಂಡತಿ ಆ ನೆಗಡಿಯ ಮಾತು ಎತ್ತುವುದಿಲ್ಲ.