ಗ್ವಾಲಿಯರಿನ ಗೋಪಾಚಲ

ಬಯಲಿನ ನಡುವೆ ಸುಮಾರು 100 ಮೀಟರಿನಷ್ಟು ನೆಟ್ಟನೆ ಮೇಲೆದ್ದು, ಮೂರು ಕಿಲೋಮೀಟರಿನ ಸಮೀಪ ಚಾಚಿಕೊಂಡಿರುವ ಮರಳುಗಲ್ಲಿನ ಗಿರಿಯ ಮೇಲೆ ಗ್ವಾಲಿಯರಿನ ಕೋಟೆಯಿದೆ. ಪೂರ್ವಿಕರು ಗೋಪಾಚಲವೆಂದು ಕರೆದ ಈ ಬೆಟ್ಟವನ್ನೇರುವವರಲ್ಲಿ ಬಹುಮಂದಿ ರಾಜಾ ಮಾನಸಿಂಹ ತೋಮರನ ಅರಮನೆಯ ನೀಲವರ್ಣದ ಬಿಲ್ಲೆಗಳನ್ನು ಕಂಡು ತೃಪ್ತರಾಗಿ ಇಳಿದುಬಿಡುತ್ತಾರೆ. ಅರಮನೆ ಸುಂದರವಾದುದೇ, ಸಂದೇಹವಿಲ್ಲ. ಆದರೆ ಹಿಂದೂ, ಜೈನ, ಸಿಖ್ ಧರ್ಮಗಳ ಶ್ರದ್ಧಾಸ್ಥಾನಗಳನ್ನು ಒಂದೇ ಬಂಡೆಯ ಮೇಲೆ ಧರಿಸಿ ನಿಂತಿರುವುದೇ ಈ ಕೋಟೆಯ ನಿಜವಾದ ಹಿರಿಮೆಯೆಂದು ನನ್ನ ಭಾವನೆ.

ಪಡುವಣ ದಿಕ್ಕಿನ ಉರ್ವಾಹಿ ಕಣಿವೆಯ ದಾರಿಯಲ್ಲಿ ಏರುವವನಿಗೆ ಮೊದಲು ದರ್ಶನವೀಯುವವರು ತೀರ್ಥಂಕರರು. ಹದಿನೈದನೆಯ ಶತಮಾನದಲ್ಲಿ ತೋಮರ ವಂಶದ ಡೂಂಗರಸಿಂಹನೂ ಅವನ ಮಗನಾದ ಕೀರ್ತಿಸಿಂಹನೂ ಆಳುತ್ತಿದ್ದಾಗ ಜೈನ ಶ್ರಾವಕರು ಗಿರಿಯ ಕಡಿದಾದ ಪಾರ್ಶ್ವಗಳನ್ನೇ ಕಡೆಯಿಸಿ ಈ ಮಹಾಮೂರ್ತಿಗಳನ್ನು ಪ್ರತಿಷ್ಠಾಪಿಸಿದರು. ಅಪಭ್ರಂಶದಲ್ಲಿ ಕಾವ್ಯಗಳನ್ನು ರಚಿಸಿದ ರೈಧೂ ಕವಿ ಬಾಳಿದುದೂ ಈ ಊರಿನಲ್ಲಿ, ಇದೇ ಕಾಲದಲ್ಲಿ. ಇಲ್ಲಿಯ ಆದಿನಾಥನ ನಿಂತ ವಿಗ್ರಹ ಸುಮಾರು 57 ಅಡಿಯ ಎತ್ತರವುಳ್ಳದ್ದು, ಎಂದರೆ ಹೆಚ್ಚುಕಡಮೆ ನಮ್ಮ ಶ್ರವಣಬೆಳಗೊಳದ ಗೊಮ್ಮಟನಷ್ಟೇ. ಗೊಮ್ಮಟನು ಆದಿನಾಥನ ಮಗನೆಂಬುದನ್ನು ನೆನೆದಾಗ, ಆರು ನೂರು ಯೋಜನ ದೂರವೆನಿಸುವ ಈ ನಾಡಿನಲ್ಲಿ ತಂದೆಯನ್ನು ಕಂಡ ಕನ್ನಡಿಗನ ಮನಸ್ಸು ಆರ್ದ್ರವಾಗದೆ ಇರದು. 1528ರಲ್ಲಿ ಗ್ವಾಲಿಯರಿಗೆ ಬಂದ ಬಾಬರನು ಈ ದಿಗಂಬರ ಮೂರ್ತಿಗಳನ್ನು ನಾಶಮಾಡಲು ಆಜ್ಞೆಯಿತ್ತುದನ್ನು ಆತ್ಮಚರಿತ್ರೆಯಲ್ಲಿ ತಾನೇ ಬರೆದಿಟ್ಟಿದ್ದಾನೆ. ಭಗ್ನವಾದ ಮುಖಗಳಲ್ಲಿ ಹಲವನ್ನು ಜೈನರು ಮುಂದೆ ಗಾರೆಯಿಂದ ತಿದ್ದಿ ನಿಲ್ಲಿಸಿದರು. ಕಲ್ಲಿನ ದೇಹಕ್ಕೂ ಗಾರೆಯ ಮುಖಕ್ಕೂ ಹೊಂದಿಕೆ ಸಾಲದೆಂದು ಕಲಾವಿಮರ್ಶಕರು ಹೇಳಿಯಾರು. ನನಗಾದರೋ ಆ ಮುಖಗಳೇ ಹೆಚ್ಚು ಪೂಜ್ಯವಾಗಿ ತೋರಿದವು.

ಮೇಲೆ ಬಂದರೆ ತೇಲಿ ಕಾ ಮಂದಿರ. ಪ್ರತೀಹಾರರ ಕಾಲದ, ಸುಮಾರು 30 ಮೀಟರ್ ಎತ್ತರದ ಈ ದೇಗುಲದ ಶಿರಸ್ಸು ಉತ್ತರದೇಶದ ಶಿಖರಗಳಂತೆ ಮೊನೆಗೊಳ್ಳದೆ, ದಕ್ಷಿಣದ ಗೋಪುರಗಳ ತುದಿಯನ್ನು ನೆನಪಿಗೆ ತರುವಂತೆ ಉದ್ದುದ್ದಕ್ಕೆ ಬಾಗಿದೆ.

ಇದಕ್ಕೆ ಅನತಿದೂರದಲ್ಲಿ ದಾತಾ ಬಂದೀ ಛೋಡ್ ಗುರುದ್ವಾರ. ಆರನೆಯ ಗುರು ಹರಗೋಬಿಂದರನ್ನು ಜಹಾಂಗೀರನು ಈ ಕೋಟೆಯಲ್ಲಿ ಸೆರೆಯಿಟ್ಟಿದ್ದನು. ಬಿಡುಗಡೆಯ ಆಜ್ಞೆ ಬಂದಾಗ ಗುರುಗಳು ತಾವೊಬ್ಬರೇ ಹೊರಡಲೊಪ್ಪದೆ, ಸಹಬಂದಿಗಳಾಗಿದ್ದ 52 ಮಂದಿ ಅರಸರು ತಮ್ಮ ನಿಲುವಂಗಿಯ ಅಂಚುಗಳನ್ನು ಹಿಡಿದು ಹಿಂಬಾಲಿಸುವಂತೆ ಮಾಡಿ, ಅವರೆಲ್ಲರನ್ನೂ ಹೊರತಂದರೆಂಬುದು ಸಿಖ್ಖರ ಪರಂಪರಾಗತ ನಂಬಿಕೆ. ದೀಪಾವಳಿಯಂದು ಅವರು ಬಂದೀ ಛೋಡ್ ದಿವಸವನ್ನು ಆಚರಿಸುವುದೂ ಇದರ ಸ್ಮರಣಾರ್ಥವಾಗಿಯೇ. ಇಲ್ಲಿಯ ಲಂಗರಿನಲ್ಲಿ ಜಾತಿಮತಗಳ ವಿಚಾರಣೆಯಿಲ್ಲ. ಯಾತ್ರಿಕನು ಪಂಕ್ತಿಯಲ್ಲಿ ಕುಳಿತು ಉಂಡು ಮುಂದುವರಿಯಬಹುದು.

ಇಳಿಯುವಾಗ ಮೂಡಣ ದಾರಿಯನ್ನು ಹಿಡಿಯುವುದು ಲೇಸು. ಕಚ್ಛಪಘಾತ ದೊರೆ ಮಹೀಪಾಲನ ಕಾಲದಲ್ಲಿ, 1093ರಲ್ಲಿ, ಪೂರ್ಣಗೊಂಡ ಸಾಸ್-ಬಹು ಎಂಬ ವಿಷ್ಣ್ವಾಲಯ ಆ ಅಂಚಿನಲ್ಲಿದೆ. ಮುಂದೆ ಇಳಿಜಾರಿನಲ್ಲಿ, ಬಂಡೆಯನ್ನೇ ಕೊರೆದು ಮಾಡಿದ ಪುಟ್ಟ ಚತುರ್ಭುಜ ಗುಡಿಯನ್ನು ಅಲಕ್ಷಿಸಲಾಗದು: 270 ಹಸ್ತ ಉದ್ದ, 187 ಹಸ್ತ ಅಗಲದ ಹೂದೋಟವನ್ನೂ ದೇವರಿಗೆ ದಿನವೂ ಸಲ್ಲಬೇಕಾದ 50 ಮಾಲೆಗಳನ್ನೂ ದತ್ತಿಯಾಗಿ ಹೇಳುವ 876ರ ಶಾಸನವೊಂದು ಅಲ್ಲಿದ್ದು, ಆ ಅಂಕೆಗಳಲ್ಲಿ ಕೊರೆದಿರುವ ದುಂಡನೆಯ ಸೊನ್ನೆ, ಕಾಲನಿರ್ಣಯವಾಗಿರುವ ಭಾರತೀಯ ಸೊನ್ನೆಗಳಲ್ಲಿ ಅತಿ ಪ್ರಾಚೀನವಾದವುಗಳ ಸಾಲಿಗೆ ಸೇರಿದೆ.