ಪೆನ್ನೋ, ಪೆನ್ಸಿಲೋ? — ಸೋಜಿಗದ ಸುದ್ದಿಗಳನ್ನು ಒರೆಗೆ ಹಚ್ಚುವ ಬಗೆ



ನಮ್ಮ ವಾಚನಾಲಯದ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ‘ನಿಮಗೆ ಗೊತ್ತೇ?’ ಎಂಬ ತಲೆಬರಹದಡಿ ವಾರಕ್ಕೊಂದು ಸೋಜಿಗದ ಸಂಗತಿಯನ್ನು ಬರೆಯುವ ಕೆಲಸ ನನ್ನದು. ಕೆಲವು ತಿಂಗಳ ಹಿಂದೆ ನಾನು ಬರೆದುದು ಇದು: ‘ಆಕಾಶಯಾನಿಗಳು ಬರೆಯಲೆಂದು ಅಮೇರಿಕದ ಸರಕಾರವು ಲಕ್ಷಗಟ್ಟಲೆ ಡಾಲರು ಸುರಿದು ಒಂದು ಪೆನ್ನು ಮಾಡಿಸಿತು, ರಷ್ಯದವರು ಪೆನ್ಸಿಲು ಒಯ್ದರು!’ ಓದಿದವರೆಲ್ಲ ನಕ್ಕರು. ಪಾಳಿ ಮುಗಿಸಿ ಬಂದ ವಾಯರ್‌ಮನ್ ಒಬ್ಬರು ಮಾತ್ರ ನಗಲಿಲ್ಲ.

“ರಾಯರೇ, ಮೋಟಾರಿನ ಕಾರ್ಬನ್ ಬ್ರಷ್ ಸವೆದು ಬಿದ್ದ ಕರಿ ಪುಡೀನ ನಾವು ಆಗಾಗ ಊದಿ ತೆಗೀತೀವಿ. ತೆಗೀದಿದ್ರ ಕರೆಂಟು ಹಾದಿ ಬಿಟ್ಟು ಹರೀತದ. ಪೆನ್ಸಿಲಿನ ಕಡ್ಡೀನೂ ಅದೇ ಜಾತೀದು. ತೂಕಾನೇ ಇಲ್ಲದ ಜಾಗಾದಾಗ ಆ ಪುಡಿ ಕೆಳಗ ಬೀಳೂದಿಲ್ಲ. ತೇಲಿಕೊಂತ ಎಲ್ಲಿ ಹೋಗ್ತದ?” ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಯಾರೋ ಹೇಳಿದುದನ್ನು ಕೇಳಿ ಬರೆದುಬಿಟ್ಟಿದ್ದೆ. ಅಷ್ಟರಲ್ಲಿ ರಾತ್ರಿಶಾಲೆಗೆ ಹೋಗುವ ಹುಡುಗನೊಬ್ಬನು ಅದನ್ನು ತನ್ನ ವಹಿಯಲ್ಲಿ ಇಳಿಸಿಕೊಂಡೂ ಹೋಗಿದ್ದನು. ಮನೆಯಲ್ಲಿ ಪುಸ್ತಕವಿಲ್ಲದವನಿಗೆ ಈ ಹಲಗೆಯೇ ಪುಸ್ತಕ. ಆದುದರಿಂದ ಹುಡುಕಲು ಕುಳಿತೆನು.

ವಾಯರ್‌ಮನ್ನರ ಮಾತೇ ಸರಿ. ಪೆನ್ಸಿಲಿನ ಕಡ್ಡಿಯನ್ನು ನಾವು ಸೀಸವೆಂದು ಕರೆದರೂ ಅದು ಸೀಸವಲ್ಲ. ಗ್ರಾಫೈಟ್ ಎಂಬ ಇಂಗಾಲಕ್ಕೆ ಜೇಡಿಮಣ್ಣು ಬೆರೆಸಿ ಸುಟ್ಟದ್ದು. ಗ್ರಾಫೈಟಿನಲ್ಲಿ ವಿದ್ಯುತ್ತು ಹರಿಯುತ್ತದೆ. ಅದರ ಪುಡಿ, ಮುರಿದ ಮೊನೆ ತೇಲಿ ಯಂತ್ರದೊಳಗೆ ಸೇರಿದರೆ ಅಪಾಯ. ಮರದ ಪೆನ್ಸಿಲು ಉರಿಯುವ ವಸ್ತು ಬೇರೆ. 1967ರ ಜನವರಿಯಲ್ಲಿ ಅಪೋಲೋ 1 ನೌಕೆಗೆ ನೆಲದ ಮೇಲೆ ಪರೀಕ್ಷೆ ನಡೆದಿರುವಾಗಲೇ ಬೆಂಕಿ ಬಿದ್ದು ಮೂವರು ಯಾನಿಗಳು ತೀರಿಕೊಂಡರು. ನೌಕೆಯ ತುಂಬ ಶುದ್ಧ ಆಮ್ಲಜನಕವಿದ್ದಿತು. ಅಂಥಲ್ಲಿ ಒಂದು ಪೆನ್ಸಿಲೂ ನಗೆಯ ಮಾತಲ್ಲ.

ಇನ್ನು ದುಡ್ಡಿನ ಲೆಕ್ಕ. ಮೊದಮೊದಲು ಅಮೇರಿಕದವರೂ ಪೆನ್ಸಿಲನ್ನೇ ಬಳಸಿದರು. 1965ರಲ್ಲಿ ಅವರ ಆಕಾಶಯಾನ ಸಂಸ್ಥೆಯಾದ ನಾಸಾ 34 ಯಾಂತ್ರಿಕ ಪೆನ್ಸಿಲುಗಳಿಗೆ 4,382 ಡಾಲರು ತೆತ್ತಿತು. ಒಂದಕ್ಕೆ ಸುಮಾರು 129 ಡಾಲರು! ಜನ ಆಕ್ಷೇಪಿಸಿದ್ದು ಆ ಪೆನ್ಸಿಲಿನ ವೆಚ್ಚಕ್ಕೆ. ಪೆನ್ನನ್ನು ಮಾಡಿದವನು ಪಾಲ್ ಫಿಶರ್ ಎಂಬ ವ್ಯಾಪಾರಿ, ತನ್ನ ಕಂಪನಿಯ ಸ್ವಂತ ಹಣದಿಂದ. ನಾಸಾ ಪರೀಕ್ಷಿಸಿ ನೋಡಿ ಸುಮಾರು 400 ಪೆನ್ನುಗಳನ್ನು ಕೊಂಡಿತು. 1968ರ ಅಕ್ಟೋಬರದಲ್ಲಿ ಅಪೋಲೋ 7ರೊಡನೆ ಅವು ಮೇಲೆ ಹೋದವು. ರಷ್ಯದವರು ಬಳಸುತ್ತಿದ್ದುದು ಮೇಣದ ಪೆನ್ಸಿಲು. 1969ರಲ್ಲಿ ಅವರೂ ಫಿಶರನಿಂದಲೇ 100 ಪೆನ್ನು, 1,000 ರೀಫಿಲ್ಲು ತರಿಸಿಕೊಂಡರು. ನಾವು ನಕ್ಕ ಕಥೆಯಲ್ಲಿ ಉಳಿದದ್ದೇನು?

ಆ ಪೆನ್ನಿನ ಗುಟ್ಟು ಇಷ್ಟೆ: ರೀಫಿಲ್ಲಿನ ಬಾಯಿ ಮುಚ್ಚಿ, ಒಳಗೆ ಒತ್ತಡದಲ್ಲಿ ಸಾರಜನಕ ತುಂಬಿರುತ್ತಾರೆ. ಅದು ಶಾಯಿಯನ್ನು ಗುಂಡಿನ ಕಡೆಗೆ ತಳ್ಳುತ್ತದೆ. ಶಾಯಿ ಗಟ್ಟಿ ಅಂಟಿನಂತಿದ್ದು, ಗುಂಡು ಉರುಳಿದಾಗ ಮಾತ್ರ ತೆಳ್ಳಗಾಗುತ್ತದೆ.

ಇಷ್ಟನ್ನು ಹಲಗೆಯ ಮೇಲೆ ತಿದ್ದಿ, ‘ಆಕಾಶದಲ್ಲಿ ಸಾದಾ ಬಾಲ್‌ಪೆನ್ನು ಬರೆಯದು’ ಎಂದೂ ಸೇರಿಸಿದೆನು. ಮತ್ತೆ ತಪ್ಪಿದೆನು! ಅಂಗಾತ ಮಲಗಿ ಕಾಗದವನ್ನು ಮೇಲೆ ಹಿಡಿದು ಬರೆದು ನೋಡಿ. ಸ್ವಲ್ಪದರಲ್ಲೇ ಪೆನ್ನು ನಿಲ್ಲುತ್ತದೆ. ಶಾಯಿ ತನ್ನ ತೂಕದಿಂದ ಗುಂಡನ್ನು ಬಿಟ್ಟು ಕೆಳಗೆ ಜಗ್ಗುತ್ತದೆ. ಆದರೆ ತೂಕವೇ ಇಲ್ಲದಲ್ಲಿ ಹಾಗೆ ಜಗ್ಗುವುದೂ ಇಲ್ಲ. 2003ರಲ್ಲಿ ಸ್ಪೇನಿನ ಯಾನಿ ಪೆದ್ರೋ ದೂಕೆ ಅಗ್ಗದ ಬಾಲ್‌ಪೆನ್ನನ್ನೇ ಮೇಲೆ ಒಯ್ದು, ಅದು ಚೆನ್ನಾಗಿ ಬರೆಯುತ್ತದೆಂದು ತನ್ನ ದಿನಚರಿಯಲ್ಲಿ ತಿಳಿಸಿದನು. ತಿದ್ದುಪಡಿಯನ್ನೂ ಪ್ರಶ್ನಿಸಬೇಕೆಂಬ ಪಾಠ ಅಂದು ನನಗಾಯಿತು.

ಹಾಗೆಂದು ಸೋಜಿಗದ್ದೆಲ್ಲ ಸುಳ್ಳೆನ್ನಬಾರದು. ‘ಬೆಂಕಿಕಡ್ಡಿಗಿಂತ ಮೊದಲು ಲೈಟರ್ ಬಂದಿತು’ ಎಂಬುದನ್ನು ನಾನು ನಂಬಿರಲಿಲ್ಲ. ನೋಡಲಾಗಿ, ಜರ್ಮನಿಯ ಯೇನಾ ಊರಿನ ಪ್ರಾಧ್ಯಾಪಕ ಡೋಬರೈನರ್ 1823ರಲ್ಲೇ ಒಂದು ದೀಪ ಮಾಡಿದ್ದನು. ಸತುವಿನ ಮೇಲೆ ಗಂಧಕಾಮ್ಲ ಬಿದ್ದು ಜಲಜನಕ ಹುಟ್ಟುವುದು. ಅದು ಪ್ಲಾಟಿನಮ್ಮಿಗೆ ತಾಕಿದೊಡನೆ ಹೊತ್ತಿಕೊಳ್ಳುವುದು. ಇಂಗ್ಲೆಂಡಿನ ಔಷಧ ವ್ಯಾಪಾರಿ ಜಾನ್ ವಾಕರ್ ಉಜ್ಜಿ ಹೊತ್ತಿಸುವ ಕಡ್ಡಿಯನ್ನು ಮಾರತೊಡಗಿದ್ದು 1827ರಲ್ಲಿ. ಸುದ್ದಿ ನಿಜವೇ. ಆದರೆ ಆಮ್ಲದಲ್ಲಿ ಅದ್ದಿ ಹೊತ್ತಿಸುವ ಕಡ್ಡಿ 1805ರಲ್ಲೇ ಪ್ಯಾರಿಸಿನಲ್ಲಿತ್ತು! ‘ಉಜ್ಜುವ’ ಎಂಬ ಒಂದು ಮಾತು ಸೇರಿಸಿದರೆ ನಿಜ, ಬಿಟ್ಟರೆ ಅರೆನಿಜ.

ಆದುದರಿಂದ ಈಗ ಹಲಗೆಗೆ ಬರೆಯುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಯಾವ ವಸ್ತು, ಯಾವ ವರ್ಷ, ಯಾರ ಹಣ? ನಮ್ಮ ಕೈಕೆಲಸದ ಅನುಭವಕ್ಕೆ ಇದು ಹೊಂದುತ್ತದೆಯೇ? ಇದನ್ನು ಕೇಳಿ ನಾನು ಯಾರನ್ನು ನೋಡಿ ನಗುತ್ತಿದ್ದೇನೆ? ಈ ಮೂರನೆಯದು ದೊಡ್ಡದು. ಓದಿದವರು ದಡ್ಡರೆಂದು ತೋರಿಸುವ ಕಥೆ ಕಡಿಮೆ ಓದಿದ ನಮಗೆ ರುಚಿಸುತ್ತದೆ. ರುಚಿಸಿದ್ದರಿಂದಲೇ ನಾನು ಪರೀಕ್ಷಿಸದೆ ಬರೆದೆ.

ರಾತ್ರಿಶಾಲೆಯ ಹುಡುಗನನ್ನು ಕರೆದು ವಹಿಯ ಆ ಪುಟವನ್ನು ತಿದ್ದಿಸಿದ್ದೇನೆ. ಹಲಗೆಯ ಕೆಳಗೆ ಈಗ ಒಂದು ಸೀಮೆಸುಣ್ಣವನ್ನೂ ಇಟ್ಟಿದೆ. ಸಂದೇಹ ಬಂದವರು ಸಂಕೋಚಪಡದೆ ಅಲ್ಲಿಯೇ ಪ್ರಶ್ನೆ ಬರೆಯಬೇಕೆಂದು ವಿನಂತಿ.