ಅಮ್ಮನ ತುರಿಕೆ, ಮುಚ್ಚಿಟ್ಟ ಉರಿಮೂತ್ರ

ಅಡಿಕೆ ಸುಲಿಯುವ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರುವುದಿಲ್ಲ. ಆದರೆ ಎರಡು ವರ್ಷದ ಹಿಂದೆ ಅಮ್ಮ ಎಚ್ಚರವಿರುತ್ತಿದ್ದದ್ದು ಕೆಲಸಕ್ಕಲ್ಲ. ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ನೋಡಿದೆ. ಹಳೆಯ ಬಾಚಣಿಗೆಯಿಂದ ಅಂಗಾಲು ಕೆರೆದುಕೊಳ್ಳುತ್ತಾ ಕೂತಿದ್ದಳು. ಮೈಮೇಲೆ ಒಂದು ಗುಳ್ಳೆಯೂ ಇಲ್ಲ. "ಎಂತ ಆಯ್ತಮ್ಮ?" ಎಂದರೆ, "ಅಡಿಕೆ ಚೊಗರು ತಾಗಿರ್ಬೇಕು, ನೀನು ಮಲ್ಕ" ಎಂದಳು.

ಕೊಪ್ಪದಿಂದ ಶೃಂಗೇರಿಗೆ ಹೋಗುವ ದಾರಿಯಲ್ಲಿ, ಹರಿಹರಪುರದ ಹತ್ತಿರ ನಮ್ಮ ಮನೆ. ಆರು ತಿಂಗಳು ಅಲರ್ಜಿ ಮಾತ್ರೆ, ಮುಲಾಮು ಎಲ್ಲ ಆಯಿತು. ನರಸಿಂಹರಾಜಪುರದ ಅತ್ತೆ ಬಂದವರು ಅಮ್ಮನ ಕಣ್ಣು ನೋಡಿ, ಕಾಮಾಲೆ ಇರಬಹುದೆಂದು ನೆಲನೆಲ್ಲಿ ಅರೆದು ಕೊಟ್ಟರು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಆಲ್ಕಲೈನ್ ಫಾಸ್ಫಟೇಸ್ ಎಂಬ ಅಂಶ ಮೂರು ಪಟ್ಟು ಹೆಚ್ಚಿತ್ತು. ಜ್ವರವಿಲ್ಲ, ಹಾಗಾಗಿ ನಮ್ಮ ಕಡೆ ಎಲ್ಲರೂ ಮೊದಲು ಹೆದರುವ ಇಲಿಜ್ವರ ಅಲ್ಲ. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ಕಲ್ಲೂ ಕಾಣಲಿಲ್ಲ. ಆಗುಂಬೆ ಘಾಟಿ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿ ಕಾಯಿಲೆಗೆ ಹೆಸರು ಸಿಕ್ಕಿತು: ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್, ಚಿಕ್ಕದಾಗಿ ಪಿಬಿಸಿ.

ನಮ್ಮದೇ ರೋಗನಿರೋಧಕ ಶಕ್ತಿ ಲಿವರ್‌ನೊಳಗಿನ ಸಣ್ಣ ಪಿತ್ತನಾಳಗಳನ್ನು ಶತ್ರುವೆಂದು ತಿಳಿದು ಹಾಳು ಮಾಡುವ ಕಾಯಿಲೆ ಇದು. ಪಿತ್ತರಸ ಸರಾಗವಾಗಿ ಹರಿಯದೆ ತುರಿಕೆ, ಸುಸ್ತು ಶುರುವಾಗುತ್ತದೆ. ಅಪರೂಪದ ಈ ಕಾಯಿಲೆ ಬಂದ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. 2015ರವರೆಗೆ ಇದರ ಹೆಸರಿನಲ್ಲಿ 'ಸಿರೋಸಿಸ್' ಎಂಬ ಪದವಿತ್ತು. ಸಿರೋಸಿಸ್ ಎಂದರೆ ಕುಡಿತ ಎಂದೇ ಜನ ಭಾವಿಸುವುದು ರೋಗಿಗಳಿಗೆ ನೋವಾಗುತ್ತಿತ್ತು. ಆ ಹಂತ ಮುಟ್ಟದವರೇ ಹೆಚ್ಚು ಎಂಬುದೂ ಸೇರಿ ಹೆಸರು ಬದಲಾಯಿತು. ಹೆಸರು ಬದಲಾದರೂ ಊರು ಬದಲಾಗಿಲ್ಲ. ಕಾಫಿಯೂ ಅರ್ಧ ಲೋಟ ಕುಡಿಯುವ ನನ್ನ ಅಮ್ಮನ ಬಗ್ಗೆ "ಲಿವರ್ ಅಂತೆ, ಹೆಂಗಸರಿಗೂ ಬರುತ್ತಾ ಅದು?" ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದವರಿದ್ದಾರೆ.

ಆ ದಿನ ಡಾಕ್ಟರ್ ಕೇಳಿದ ಇನ್ನೊಂದು ಪ್ರಶ್ನೆ ನನಗೆ ಮರೆಯುವುದಿಲ್ಲ. "ಮೊದಲು ಪದೇ ಪದೇ ಉರಿಮೂತ್ರ ಆಗ್ತಿತ್ತಾ?" ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಎದ್ದು ಹೊರಗೆ ಹೋದ ಮೇಲೆ ನಿಧಾನಕ್ಕೆ ಹೇಳಿದಳು. ಎಷ್ಟೋ ವರ್ಷದಿಂದ ಆಗುತ್ತಿತ್ತಂತೆ. ಕೊತ್ತಂಬರಿ ನೀರು, ಎಳನೀರು ಕುಡಿದು ಸುಮ್ಮನಿರುತ್ತಿದ್ದಳಂತೆ. ಒಂದೇ ಮನೆಯಲ್ಲಿದ್ದ ನನಗೂ ಗೊತ್ತಿರಲಿಲ್ಲ.

ಮೂತ್ರದ ಸೋಂಕಿಗೂ ಲಿವರ್‌ಗೂ ಏನು ಸಂಬಂಧ? ಬಿ.ಎಸ್ಸಿ. ಓದುತ್ತಿರುವ ನಾನು ಹುಡುಕಿ ಓದಿದೆ. ಮೂತ್ರದ ಸೋಂಕಿಗೆ ಸಾಮಾನ್ಯವಾಗಿ ಕಾರಣ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ನಮ್ಮ ಜೀವಕೋಶಗಳಲ್ಲಿರುವ ಮೈಟೊಕಾಂಡ್ರಿಯ ಕೂಡ ಕೋಟ್ಯಂತರ ವರ್ಷಗಳ ಹಿಂದೆ ಬ್ಯಾಕ್ಟೀರಿಯಾದಿಂದಲೇ ಬಂದದ್ದು. ಹಾಗಾಗಿ ಅದರಲ್ಲಿರುವ ಪಿಡಿಸಿ-ಇ2 ಎಂಬ ಪ್ರೋಟೀನು ಇ. ಕೋಲಿಯಲ್ಲೂ ಇದೆ, ಎರಡರ ಕೆಲವು ಭಾಗಗಳು ತುಂಬಾ ಹೋಲುತ್ತವೆ. ಪಿಬಿಸಿ ಇರುವವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರ ರಕ್ತದಲ್ಲಿ ಇದೇ ಪ್ರೋಟೀನಿನ ವಿರುದ್ಧದ ಪ್ರತಿಕಾಯಗಳಿರುತ್ತವೆ. ಬ್ಯಾಕ್ಟೀರಿಯಾವನ್ನು ಹೊಡೆಯಲು ತಯಾರಾದ ಸೈನ್ಯ, ಅದೇ ಚಹರೆ ಕಂಡು ನಮ್ಮ ಪಿತ್ತನಾಳಗಳ ಮೇಲೂ ಬೀಳುತ್ತದೆಯೇ ಎಂಬುದು ವಿಜ್ಞಾನಿಗಳ ಅನುಮಾನ. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 1,032 ಪಿಬಿಸಿ ರೋಗಿಗಳನ್ನು ಮಾತನಾಡಿಸಿ, ಮೂತ್ರದ ಸೋಂಕು ಆಗಿದ್ದವರು ಅವರಲ್ಲಿ ಉಳಿದವರಿಗಿಂತ ಹೆಚ್ಚು ಎಂದು ಕಂಡಿತು.

ಹಾಗಾದರೆ ಉರಿಮೂತ್ರದಿಂದಲೇ ಅಮ್ಮನಿಗೆ ಹೀಗಾಯಿತೇ? "ಹಾಗೆ ಹೇಳೋಕೆ ಬರಲ್ಲ. ಉರಿಮೂತ್ರ ಲಕ್ಷಾಂತರ ಜನಕ್ಕೆ ಆಗುತ್ತೆ, ಈ ಕಾಯಿಲೆ ಬರೋದು ಎಲ್ಲೋ ಕೆಲವರಿಗೆ" ಎಂದರು ಡಾಕ್ಟರ್. ವಂಶವಾಹಿಯ ಪಾತ್ರವೂ ಇದೆ. ಅನುಮಾನ ಬೇರೆ, ಸಾಬೀತು ಬೇರೆ. ಇದು ನಮ್ಮ ಮೂರು ತಾಲ್ಲೂಕಿನವರಿಗೆ ಬೇಗ ಅರ್ಥವಾಗಬೇಕು. ನಮ್ಮ ತೋಟಗಳನ್ನು ತಿಂದುಹಾಕಿದ ಹಳದಿ ಎಲೆ ರೋಗಕ್ಕೆ ಎಷ್ಟು ವರ್ಷ ಮಣ್ಣನ್ನು, ನೀರನ್ನು, ಗೊಬ್ಬರವನ್ನು ಬೈದೆವು! ಫೈಟೋಪ್ಲಾಸ್ಮಾ ಎಂಬ ಒಂದು ಬಗೆಯ ಬ್ಯಾಕ್ಟೀರಿಯಾದ ನಂಟು ಗೊತ್ತಾಗಲು ದಶಕಗಳೇ ಬೇಕಾದವು. ಗೊತ್ತಾದರೂ ಅದನ್ನು ಗುಣಪಡಿಸುವ ಮದ್ದು ಇನ್ನೂ ಇಲ್ಲ.

ಅಮ್ಮನ ವಿಷಯದಲ್ಲಿ ನಾವು ಅಷ್ಟು ದುರದೃಷ್ಟವಂತರಲ್ಲ. ಅರ್ಸೊಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆ ದಿನವೂ ತೆಗೆದುಕೊಳ್ಳುತ್ತಾಳೆ. ಕಾಯಿಲೆಯನ್ನು ಅದು ಪೂರ್ತಿ ವಾಸಿ ಮಾಡುವುದಿಲ್ಲ, ಆದರೆ ಬೇಗ ಶುರುಮಾಡಿದರೆ ಹೆಚ್ಚಿನವರಲ್ಲಿ ಅದರ ವೇಗ ತಗ್ಗಿಸುತ್ತದೆ. ಅಮ್ಮನ ರಿಪೋರ್ಟ್ ಈಗ ಸುಧಾರಿಸಿದೆ, ತುರಿಕೆ ಕಮ್ಮಿಯಾಗಿದೆ. ಸುಸ್ತು ಮಾತ್ರ ಹೋಗಿಲ್ಲ. ಮಧ್ಯಾಹ್ನ ಮಲಗುವುದನ್ನು ಕಲಿತಿದ್ದಾಳೆ, ಅದಕ್ಕೂ ನಾಚಿಕೊಳ್ಳುತ್ತಾಳೆ.

ರೋಗಿಯ ಹೆಣ್ಣುಮಕ್ಕಳಿಗೆ, ಅಕ್ಕತಂಗಿಯರಿಗೆ ಅಪಾಯ ಉಳಿದವರಿಗಿಂತ ಹೆಚ್ಚು. ನಾನೂ ಪರೀಕ್ಷೆ ಮಾಡಿಸಿಕೊಂಡೆ. ಸದ್ಯಕ್ಕೆ ಏನೂ ಇಲ್ಲ. ಆದರೆ ರಿಪೋರ್ಟ್‌ಗೆ ಕಾಯುತ್ತಿದ್ದ ಆ ನಾಲ್ಕು ದಿನ ನನ್ನದೇ ಅಭ್ಯಾಸಗಳು ಕಣ್ಣ ಮುಂದೆ ಬಂದವು. ಕಾಲೇಜಿನ ಶೌಚಾಲಯಕ್ಕೆ ಹೆದರಿ ಬೆಳಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೇ ಇರುವುದು, ಬಸ್ಸಿನಲ್ಲಿ ಎರಡು ಗಂಟೆ ತಡೆದುಕೊಂಡು ಕೂರುವುದು. ಮೆಟ್ಟುಗತ್ತಿ ಮುಂದೆ ಕೂತ ಅಮ್ಮ ಮಾಡುತ್ತಿದ್ದದ್ದೂ ಇದನ್ನೇ. ಎದ್ದರೆ ಕೆಲಸ ಹಿಂದೆ ಬೀಳುತ್ತದೆ, ಹೊರಗೆ ಕತ್ತಲು, ಮಳೆ. ಇದರಿಂದ ಪಿಬಿಸಿ ಬರುತ್ತದೆಂದು ನಾನು ಹೇಳುವುದಿಲ್ಲ. ಆದರೆ ಮೂತ್ರದ ಸೋಂಕಂತೂ ಸುಲಭವಾಗುತ್ತದೆ. ಸೋಂಕನ್ನು ಮುಚ್ಚಿಟ್ಟುಕೊಳ್ಳುವುದರಿಂದ ಯಾರಿಗೂ ಒಳ್ಳೆಯದಾಗಿಲ್ಲ.

ಹಾಗಾಗಿ ಗೆಳತಿಯರೇ, ಉರಿಮೂತ್ರ ಆದರೆ ಅಮ್ಮನಿಗೆ ಹೇಳಿ, ಡಾಕ್ಟರಿಗೆ ಹೇಳಿ. ಗುಳ್ಳೆಯಿಲ್ಲದ ತುರಿಕೆ ವಾರಗಟ್ಟಲೆ ಬಿಡದಿದ್ದರೆ ಲಿವರ್ ಪರೀಕ್ಷೆ ಬೇಕೇ ಎಂದು ನೀವೇ ಕೇಳಿ. ಗೆಳೆಯರೇ, ನಿಮ್ಮ ಅಮ್ಮ ಯಾಕೆ ರಾತ್ರಿ ಎದ್ದು ಕೂರುತ್ತಾಳೆಂದು ಒಮ್ಮೆ ವಿಚಾರಿಸಿ.

ಈ ಸಲದ ಸುಲಿತಕ್ಕೆ ನಮ್ಮ ಮನೆಯಲ್ಲಿ ಎಂಟು ಜನ ಹೆಂಗಸರು ಬಂದಿದ್ದರು. ನಡುವೆ ದೊಡ್ಡ ಕೊಡದಲ್ಲಿ ನೀರಿತ್ತು. ಹಿತ್ತಲಿನ ಶೌಚಾಲಯದ ದಾರಿಗೆ ಅಪ್ಪ ಹೊಸ ಬಲ್ಬ್ ಹಾಕಿಸಿದ್ದರು. ಗಂಟೆಗೊಮ್ಮೆ ಅಮ್ಮ ಜೋರಾಗಿ ಹೇಳುತ್ತಿದ್ದಳು: "ಏಳ್ರೇ ಮಾರಾಯ್ತೀರಾ, ಹೋಗಿ ಬನ್ನಿ. ಅಡಿಕೆ ಎಲ್ಲೂ ಓಡಿ ಹೋಗಲ್ಲ."